ಮೈಸೂರು ಹುಲಿಯ ವಾಲ್ವ್

ಸಿಡ್ನಿಯ ಕೆಲ್ಲಿವಿಲ್ ಬಡಾವಣೆಯ ಭಾಸ್ಕರನಿಗೆ ಕುಡಿತವಿಲ್ಲ, ಸಿಗರೇಟಿಲ್ಲ, ಇಸ್ಪೀಟಿಲ್ಲ. ಇಷ್ಟೆಲ್ಲ ಇಲ್ಲದ ಮನುಷ್ಯನಿಗೆ ಏನಾದರೂ ಒಂದು ಇರಲೇಬೇಕಲ್ಲ? ಇತ್ತು. ಹಳೇ ಸಾಮಾನಿನ ಹುಚ್ಚು.

ಸಿಡ್ನಿಯಲ್ಲಿ ವರ್ಷಕ್ಕೆ ಒಂದೆರಡು ಸಲ ಕೌನ್ಸಿಲ್ ಕ್ಲೀನಪ್ ಅಂತ ಬರುತ್ತದೆ. ಬೇಡವಾದ ಸೋಫಾ, ಮುರಿದ ಮಂಚ, ಕೆಟ್ಟ ಫ್ಯಾನು ಎಲ್ಲವನ್ನೂ ಜನ ಮನೆಯ ಮುಂದಿನ ಹುಲ್ಲಿನ ಮೇಲೆ ತಂದು ಗುಡ್ಡೆ ಹಾಕುತ್ತಾರೆ. ಕೌನ್ಸಿಲ್ ಲಾರಿ ಬಂದು ಎಲ್ಲವನ್ನೂ ಕಟಕಟ ಅಗಿದು ನುಂಗಿಕೊಂಡು ಹೋಗುತ್ತದೆ. ಊರಿನವರಿಗೆಲ್ಲ ಅದು ಮನೆ ಖಾಲಿ ಮಾಡುವ ದಿನ. ಭಾಸ್ಕರನಿಗೆ ಮನೆ ತುಂಬಿಸುವ ಹಬ್ಬ. ಎರಡು ಕಾರು ನಿಲ್ಲಬೇಕಾದ ಅವನ ಗರಾಜಿನಲ್ಲಿ ಮೂರು ಹೊಲಿಗೆ ಮಷಿನ್ನಿನ ಕಾಲುಗಳು, ಅರ್ಧ ಕೀಗಳು ಕಿತ್ತುಹೋದ ಒಂದು ಪಿಯಾನೋ, ಮೈಸೂರಿನಿಂದ ವಿಮಾನದಲ್ಲಿ ಹೊತ್ತು ತಂದ, 'ಳ' ಅಕ್ಷರವಿಲ್ಲದ ಒಂದು ಕನ್ನಡ ಟೈಪ್‌ರೈಟರ್ ಸುಖವಾಗಿದ್ದವು. ಕಾರುಗಳು ಹೊರಗೆ ಬಿಸಿಲಿನಲ್ಲಿದ್ದವು.

ಪಿಯಾನೋ ಬಂದ ದಿನ ಹೆಂಡತಿ ಅನಸೂಯಾ ಕೊನೆಯ ಮಾತು ಹೇಳಿಬಿಟ್ಟಿದ್ದಳು. "ರೀ, ಇನ್ನೊಂದೇ ಒಂದು ಹಳೇ ಸಾಮಾನು ಈ ಮನೆ ಒಳಗೆ ಬರಲಿ. ಅದರ ಜೊತೆ ನಿಮ್ಮನ್ನೂ ಎತ್ತಿ ಕ್ಲೀನಪ್‌ಗೆ ಇಡ್ತೀನಿ. ಆಮೇಲೆ ನನ್ನ ಅನ್ನಬೇಡಿ."

ಭಾಸ್ಕರ ಹೆದರಿದ. ಹೆದರಿಕೊಂಡೇ ಹದಿನೈದು ದಿನಕ್ಕೆ ಇನ್ನೊಂದು ಸಾಮಾನು ತಂದ. ಆದರೆ ಈ ಸಲ ಬೀಚ್ ಟವಲ್ಲಿನಲ್ಲಿ ಸುತ್ತಿ, ಹೆಂಡತಿ ತರಕಾರಿಗೆ ಹೋಗಿದ್ದಾಗ ತಂದ.

ಅದು ವಾಲ್ವ್ ಸೆಟ್ಟು. ಹಿಂದೆ ಲಾರಿ ಡ್ರೈವರುಗಳೂ ಹವ್ಯಾಸಿಗಳೂ ಪರವಾನಗಿಯ ತಲೆಬಿಸಿಯಿಲ್ಲದೆ ಒಬ್ಬರಿಗೊಬ್ಬರು ಮಾತಾಡಿಕೊಳ್ಳುತ್ತಿದ್ದ ಸಿಬಿ ರೇಡಿಯೋ. ಅರವತ್ತು ವರ್ಷ ಹಳೆಯದು, ಒಂದು ಮರಿ ಬೀರುವಿನಷ್ಟು ಭಾರ. ಒಳಗೆ ಟ್ರಾನ್ಸಿಸ್ಟರ್ ಎಂಬ ಪದಾರ್ಥವೇ ಇಲ್ಲ. ಎಲ್ಲ ಗಾಜಿನ ವಾಲ್ವುಗಳು. ಸ್ವಿಚ್ ಹಾಕಿದರೆ ಒಂದೊಂದಾಗಿ ಕೆಂಪಗೆ ಹೊತ್ತಿಕೊಂಡು, ಗುಂಯ್ ಅಂದು, ಬೆಚ್ಚಗಾಗಿ, ಆಮೇಲೆ ಮಾತಾಡುತ್ತದೆ. ಮೊದಲ ಸಲ ಅದು ಹೊತ್ತಿಕೊಂಡಾಗ ಭಾಸ್ಕರನ ಕಣ್ಣಲ್ಲಿ ನೀರು ಬಂತು. ಮದುವೆಯಲ್ಲೂ ಬಂದಿರಲಿಲ್ಲ.

ಸೆಟ್ಟನ್ನು ದಸರಾ ಬೊಂಬೆಗಳ ಪೆಟ್ಟಿಗೆಗಳ ಹಿಂದೆ ಅಡಗಿಸಿದ. ಮೂರು ವರ್ಷದಿಂದ ದಸರಾ ಬಂದರೆ ಸಾಕು, "ನೀನು ಯಾಕೆ ಕಷ್ಟ ಪಡ್ತೀಯಾ ಅನು, ಪೆಟ್ಟಿಗೆ ನಾನು ತೆಗೀತೀನಿ" ಎಂದು ತಾನೇ ಓಡುತ್ತಿದ್ದ. ಗಂಡನಿಗೆ ವಯಸ್ಸಾದ ಮೇಲಾದರೂ ದೈವಭಕ್ತಿ ಬಂತಲ್ಲ ಎಂದು ಅನಸೂಯಾ ಸಂತೋಷಪಟ್ಟಳು. ಗರಾಜಿಗೆ ಹೋಗಲು ನೆಪ ಬೇಕಲ್ಲ, ಅದಕ್ಕೆ ಹೊಸ ಟ್ರೆಡ್‌ಮಿಲ್ ತಂದ. ದಿನವೂ ಸಂಜೆ ಒಂದು ಗಂಟೆ 'ನಡೆಯಲು' ಹೋಗುತ್ತಿದ್ದ. ವಾಲ್ವುಗಳ ಕಾವಿಗೆ ಮುಖ ಕೆಂಪಾಗಿ, ಬೆವರು ಸುರಿಸುತ್ತ, ಏದುಸಿರು ಬಿಡುತ್ತ ಹೊರಬರುತ್ತಿದ್ದ. ಆಂಟೆನಾ ಒಂದು ಉಳಿಯಿತು. ಹಿತ್ತಲಲ್ಲಿ ಹದಿನೆಂಟು ಅಡಿಯ ಅಲ್ಯೂಮಿನಿಯಂ ಕಂಬ ನೆಟ್ಟು, ಅದರ ತುದಿಗೆ ಹಳದಿ ಕೆಂಪು ಬಾವುಟ ಕಟ್ಟಿದ. ಕೆಲ್ಲಿವಿಲ್ ಕನ್ನಡಿಗರು ರಸ್ತೆಯಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋದರು.

ಸಿಬಿಯಲ್ಲಿ ಯಾರೂ ಸ್ವಂತ ಹೆಸರು ಹೇಳುವುದಿಲ್ಲ, ಒಂದು ಅಡ್ಡಹೆಸರು ಇಟ್ಟುಕೊಳ್ಳುತ್ತಾರೆ. ಎರಡನೇ ಲೋಟ ಕಾಫಿಗೆ ಹೆಂಡತಿಯ ಮುಖ ನೋಡುವ ನಮ್ಮ ಭಾಸ್ಕರ ಏನೆಂದು ಇಟ್ಟುಕೊಂಡ ಅಂತೀರಿ? ಮೈಸೂರು ಹುಲಿ!

ಹಳೇ ವಾಲ್ವ್ ಸೆಟ್ಟುಗಳನ್ನು ಬದುಕಿಸಿಕೊಂಡು ಬಂದವರದೇ ಒಂದು ಕ್ಲಬ್ಬು. ಪ್ರತಿ ಜನವರಿಯ ಒಂದು ಭಾನುವಾರ ಬೆಳಗ್ಗೆ ಹತ್ತರಿಂದ ಹನ್ನೊಂದರವರೆಗೆ ಅವರ ಹಾಜರಿ. ಬೇಸಿಗೆಯ ಕೆಲವು ಬೆಳಗುಗಳಲ್ಲಿ ಆಕಾಶಕ್ಕೆ ಮನಸ್ಸು ಬಂದರೆ ಇಲ್ಲಿಯ ದನಿ ಮೇಲೆ ತಗುಲಿ ಪುಟಿದು ನೂರಾರು ಮೈಲಿ ಆಚೆ ಇಳಿಯುತ್ತದೆ. ನಿಮ್ಮ ದನಿ ಬೇರೆ ರಾಜ್ಯದ ಒಬ್ಬರಿಗಾದರೂ ಕೇಳಿಸಿದರೆ ಹಾಜರಿ ಬಿತ್ತು. ಮೂರು ವರ್ಷ ಸತತವಾಗಿ ಕೇಳಿಸದಿದ್ದರೆ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತಾರೆ. ಹುಲಿ ಎರಡು ವರ್ಷ ಗರ್ಜಿಸಿತ್ತು. ಪಕ್ಕದ ಬಡಾವಣೆಗೆ ಕೇಳಿಸಿತ್ತು, ಅಷ್ಟೆ.

ಇದು ಮೂರನೇ ವರ್ಷ. "ಈ ಸಲ ನೋಡ್ತಿರಿ, ಹುಲಿ ಮೆಲ್ಬರ್ನ್‌ವರೆಗೂ ಗರ್ಜಿಸುತ್ತೆ" ಎಂದು ಭಾಸ್ಕರ ಕ್ಲಬ್ಬಿನವರಿಗೆಲ್ಲ ಹೇಳಿಕೊಂಡು ಬಂದಿದ್ದ. ಭಾನುವಾರಕ್ಕೆ ಇನ್ನು ನಾಲ್ಕೇ ದಿನ ಇದೆ ಅನ್ನುವಾಗ, ಬುಧವಾರ ಸಂಜೆ, ಸೆಟ್ಟಿನೊಳಗೆ 'ಟಿಕ್' ಅಂತು. ಮುಖ್ಯವಾದ ವಾಲ್ವ್ ಕಪ್ಪಗಾಯಿತು.

ಭಾಸ್ಕರ ತಕ್ಷಣ ಮೆಲ್ಬರ್ನಿಗೆ ಫೋನು ಹಚ್ಚಿದ. ಆ ಕಡೆ ಕ್ರಾನ್‌ಬರ್ನ್‌ನ ಲಯನೆಲ್. ಮಂಗಳೂರಿನವನು, ಕ್ಲಬ್ಬಿನಲ್ಲಿ ಕನ್ನಡ ಬರುವ ಇನ್ನೊಬ್ಬನೇ ಒಬ್ಬ, ಅಡ್ಡಹೆಸರು ಬಂಗುಡೆ, ಅವರೂರಿನ ಮೀನು. ಇಬ್ಬರೂ ಇನ್ನೂ ಮುಖತಃ ನೋಡಿಕೊಂಡವರಲ್ಲ.

ಸರಿಯಾಗಿ ಆಗಲೇ ಅನಸೂಯಾ ಊಟಕ್ಕೆ ಕರೆಯಲು ಬಂದು ಗರಾಜಿನ ಒಳಬಾಗಿಲಿಗೆ ಕೈ ಹಾಕಿದಳು. ಒಳಗಿನಿಂದ ಗಂಡನ ಪಿಸುದನಿ.

"ಹೋಯ್ತು ಲಯನೆಲ್. ವಾಲ್ವ್ ಹೋಯ್ತು... ಹೂಂ, ಔಟ್‌ಪುಟ್ ವಾಲ್ವೇ. ಒಂದು ವಾರದಿಂದ ಗುಂಯ್ ಗುಂಯ್ ಅಂತಿತ್ತು, ಇವತ್ತು ತಣ್ಣಗಾಗೋಯ್ತು... ಅರವತ್ತು ವರ್ಷ ಆಗ್ತಾ ಬಂತಲ್ಲ ಸ್ವಾಮಿ, ಇನ್ನೆಷ್ಟು ದಿನ ಬರುತ್ತೆ?"

ಅನಸೂಯಾಳ ಕೈ ಬಾಗಿಲ ಹಿಡಿಯ ಮೇಲೇ ನಿಂತಿತು. ಭಾಸ್ಕರನಿಗೆ ಮಾರ್ಚಿಗೆ ಐವತ್ತೊಂಬತ್ತು.

"ಇಲ್ಲ ಇಲ್ಲ, ಅನಸೂಯಾಗೆ ಗೊತ್ತಿಲ್ಲ. ಗೊತ್ತಾಗಲೂಬಾರದು... ಭಾನುವಾರ ಹತ್ತು ಗಂಟೆ ಒಳಗೆ ಬೇರೆ ಹಾಕದಿದ್ರೆ ನನ್ನ ಕಥೆ ಮುಗೀತು ಅಂತ ತಿಳ್ಕೊಳ್ಳಿ... ನಿಮ್ಮ ಹತ್ರ ಒಂದಿದೆಯಾ? ಯಾರದ್ದು?... ಕ್ರೇಗಿಬರ್ನ್‌ನೋರು ಸತ್ತುಹೋದ್ರಾ? ಛೆ. ಅವರ ಹೆಂಡತಿ ಕೊಟ್ರಾ? ಪುಣ್ಯಾತ್ಗಿತ್ತಿ. ಸತ್ತವರದ್ದಾದ್ರೆ ಏನಂತೆ, ಕೆಲಸ ಮಾಡಿದ್ರೆ ಸಾಕು... ನೀವೇ ತಂದು ಹಾಕಿಬಿಡ್ತೀರಾ? ಉಳಿಸಿದ್ರಿ ಲಯನೆಲ್!"

ಅನಸೂಯಾ ಶಬ್ದ ಮಾಡದೆ ಹಿಂದಕ್ಕೆ ಬಂದು ಅಡುಗೆಮನೆಯ ಕಟ್ಟೆ ಹಿಡಿದು ನಿಂತಳು. ಆ ಬೆವರು, ಆ ಏದುಸಿರು, ಆ ಕೆಂಪು ಮುಖ, ಎಲ್ಲಕ್ಕೂ ಅರ್ಥ ಸಿಕ್ಕಿತು. ಮೊದಲು ಸಾರಿನ ಪಾತ್ರೆ ತೆಗೆದು ಬದಿಗಿಟ್ಟಳು. ಅದರಲ್ಲಿ ಉಪ್ಪಿತ್ತು.

ಮಗಳು ಪ್ರಣತಿ ಯೂನಿವರ್ಸಿಟಿಯಲ್ಲಿ ಫಾರ್ಮಸಿ ಎರಡನೇ ವರ್ಷ. ಅಮ್ಮ ಅಳುತ್ತಾ ಹೇಳಿದ್ದನ್ನು ಕೇಳಿ ಫೋನಿನಲ್ಲಿ ಹುಡುಕಿದಳು. "ಅಮ್ಮಾ, ದಿಸ್ ಈಸ್ ರಿಯಲ್. ಸತ್ತೋರ ಹಾರ್ಟ್ ವಾಲ್ವ್ ಹಾಕ್ತಾರೆ. ಡೋನರ್ ವಾಲ್ವ್ಸ್. ಡಾಕ್ಟರ್ ಲಯನೆಲ್ ಮಸ್ಟ್ ಬಿ ದ ಸರ್ಜನ್. ಆದ್ರೆ ನಮಗೆ ಗೊತ್ತು ಅಂತ ಅಪ್ಪಂಗೆ ಗೊತ್ತಾಗ್ಬಾರ್ದು. ನೋ ಸ್ಟ್ರೆಸ್. ಓಕೆ?"

ಹೀಗೆ ಆ ಮನೆಯಲ್ಲಿ ಎರಡು ಗುಟ್ಟುಗಳು ಒಂದೇ ಊಟದ ಮೇಜಿನಲ್ಲಿ ಎದುರುಬದುರು ಕೂತವು.

"ಅನು, ಸಾರಿಗೆ ಉಪ್ಪು—"

"ಉಪ್ಪು ಯಾಕ್ರೀ ನಮಗೆ? ನಗ್ತಾ ನಗ್ತಾ ಇದ್ರೆ ಸಾಕು" ಎಂದಳು ಅನಸೂಯಾ. ತಟ್ಟೆಗೆ ಇನ್ನೊಂದು ಸೌಟು ಓಟ್ಸು ಬಡಿಸಿದಳು.

ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಇಂಥ ಮಾತು ಕೇಳಿರದ ಭಾಸ್ಕರನಿಗೆ ಅನುಮಾನ ಬಂತು. ಸೆಟ್ಟು ಸಿಕ್ಕಿಬಿತ್ತೇ? ಮೆಲ್ಲಗೆ ಹೋಗಿ ನೋಡಿದ. ಬೊಂಬೆಗಳ ಹಿಂದೆ ಭದ್ರವಾಗಿತ್ತು. ಟ್ರೆಡ್‌ಮಿಲ್ಲಿನ ಪ್ಲಗ್ಗನ್ನು ಮಾತ್ರ ಯಾರೋ ಕಿತ್ತು ಬಚ್ಚಿಟ್ಟಿದ್ದರು.

ಗುರುವಾರ ಅನಸೂಯಾಗೆ ತಡೆಯಲಾಗಲಿಲ್ಲ. ಎರಡು ಮನೆ ಆಚೆ ಮಗನ ಮನೆಗೆ ಹಾವೇರಿಯಿಂದ ಬಂದಿದ್ದ ಚನ್ನಕ್ಕನ ಹತ್ತಿರ ಹೋಗಿ ಹೇಳಿಕೊಂಡಳು. ಯಾರಿಗೂ ಹೇಳಬಾರದು ಎಂದು ಆಣೆ ಹಾಕಿಸಿಕೊಂಡಳು.

"ಯಾವ ವಾಲ್ವು ತಂಗಿ?" ಎಂದಳು ಚನ್ನಕ್ಕ.

"ಔಟ್‌ಪುಟ್ ವಾಲ್ವಂತೆ."

"ಅಯ್ಯ ಶಿವನ! ಅದ ಮೇನು. ನಮ್ಮೂರಾಗ ನಳದ ನೀರು ಬಿಡೋ ವಾಲ್ವ್‌ಮನ್ ಒಬ್ಬಾಂವ ಇದ್ದ. ಅಂವಾ ಒಂದಿನ ವಾಲ್ವ್ ತಿರುವೂದು ಮರತ್ರ ಊರಿಗೆ ಊರ ಒಣಗತಿತ್ತು. ನೀ ಅಳಬ್ಯಾಡ. ದೇವರ ಮುಂದ ಹರಕಿ ಹೊತ್ತಬಿಡು. ನಿನಗ ಭಾಳ ಕಠಿಣ ಅನಸೋ ಹರಕಿ ಹೊರಬೇಕು ನೋಡು, ಅಂದ್ರ ಮುಟ್ಟತದ."

ಅನಸೂಯಾ ಯೋಚಿಸಿದಳು. ಅವಳಿಗೆ ಈ ಭೂಮಿಯ ಮೇಲೆ ಅತ್ಯಂತ ಕಠಿಣವಾದದ್ದು ಒಂದೇ ಇತ್ತು. ಅರಿಶಿನದ ಬಟ್ಟೆಯಲ್ಲಿ ಕಾಣಿಕೆ ಗಂಟು ಕಟ್ಟಿ, ಚನ್ನಕ್ಕನನ್ನು ಸಾಕ್ಷಿಯಾಗಿಟ್ಟುಕೊಂಡು, ಕಣ್ಣು ಮುಚ್ಚಿ ಹೇಳಿದಳು. "ತಂದೆ, ಇವರ ವಾಲ್ವ್ ಸರಿಹೋಗಲಿ. ಇನ್ಮೇಲೆ ಇವರು ಎಂಥಾ ಹಳೇ ಸಾಮಾನು ಮನೆಗೆ ತಂದ್ರೂ ನಾನು ಇವರಿಗೆ ಒಂದೇ ಒಂದು ಮಾತು ಅನ್ನಲ್ಲ."

ಚನ್ನಕ್ಕ ಕೊಟ್ಟ ಮಾತಿಗೆ ತಪ್ಪಲಿಲ್ಲ. ಹೊರಗಿನವರು ಯಾರಿಗೂ ಹೇಳಲಿಲ್ಲ. ಸೊಸೆಗೆ ಹೇಳಿದಳು, ಸೊಸೆ ಹೊರಗಿನವಳೇ? ಸೊಸೆಯೂ ಹೊರಗಿನವರಿಗೆ ಹೇಳಲಿಲ್ಲ, ಕನ್ನಡದವರಿಗೆ ಮಾತ್ರ ಹೇಳಿದಳು. ಸಂಜೆಯ ಹೊತ್ತಿಗೆ 'ಭಾಸ್ಕರ್ ಅಂಕಲ್‌ಗೆ ಹೇಳಬೇಡಿ' ಎಂಬ ಹೆಸರಿನ ವಾಟ್ಸಾಪ್ ಗ್ರೂಪು ಹುಟ್ಟಿ, ಅದಕ್ಕೆ ಎಪ್ಪತ್ತೊಂದು ಜನ ಸೇರಿದರು. ಎಪ್ಪತ್ತೆರಡನೆಯವನಾಗಿ ಯಾರೋ ಭಾಸ್ಕರನನ್ನೇ ಸೇರಿಸಿ, ಅರ್ಧ ನಿಮಿಷದಲ್ಲಿ ತೆಗೆದುಹಾಕಿದರು. ಆ ಅರ್ಧ ನಿಮಿಷದಲ್ಲಿ ಅವನಿಗೆ ಕಂಡದ್ದು ಇಪ್ಪತ್ತು ಜೋಡಿ ಮುಗಿದ ಕೈಗಳು ಮತ್ತು ಒಂದು ಗುಲಾಬಿ. ಯಾರದೋ ಹುಟ್ಟುಹಬ್ಬವಿರಬೇಕು ಅಂದುಕೊಂಡ.

ಶುಕ್ರವಾರ ಜಗತ್ತೇ ಭಾಸ್ಕರನಿಗೆ ಒಳ್ಳೆಯದಾಗಿಬಿಟ್ಟಿತು. ಮೆಟ್ರೋದಲ್ಲಿ ಪಕ್ಕದ ಬೀದಿಯ ಚಿನ್ಮಯಿ, ಏಳು ತಿಂಗಳ ಬಸುರಿ, ಎದ್ದು ನಿಂತು ಅವನಿಗೆ ಸೀಟು ಬಿಟ್ಟಳು. ಇವನು ಬೇಡ ಅಂದ. ಅವಳು ಕಣ್ಣೀರು ಹಾಕಿದಳು. ಕೂತುಕೊಂಡ. ಗ್ರೂಪಿನವರು ಯಾರೋ ಕಿವಿಗೆ ಹಾಕಿದ್ದರೋ ಏನೋ, ಆಫೀಸಿನಲ್ಲಿ ಸದಾ ಗುರ್ ಅನ್ನುವ ಮ್ಯಾನೇಜರು ಅವನ ಹೆಗಲ ಮೇಲೆ ಕೈಯಿಟ್ಟು, "ಟೇಕ್ ಆಲ್ ದ ಟೈಮ್ ಯು ನೀಡ್, ಮೇಟ್" ಅಂದ. ಯಾಕೆ ಅಂತ ಕೇಳಿದರೆ ಕೊಟ್ಟ ರಜೆ ಹೋದೀತು ಎಂದು ಭಾಸ್ಕರ ಕೇಳಲಿಲ್ಲ. ಮನೆಗೆ ಬಂದರೆ ಕಸದ ಬಿನ್ನುಗಳನ್ನು ಎದುರುಮನೆಯವರು ಆಗಲೇ ರಸ್ತೆಬದಿಗೆ ತಳ್ಳಿಟ್ಟಿದ್ದರು. ಚನ್ನಕ್ಕ ಬೆಳ್ಳುಳ್ಳಿ ಕಷಾಯದ ಚೆಂಬು ಹಿಡಿದು ಕಾಯುತ್ತಿದ್ದಳು.

ಸಂಜೆ ಕನ್ನಡ ಸಂಘದ ಕಾರ್ಯದರ್ಶಿ ಸುಮುಖ ಶಾಲು, ಪೇಟ, ಹಾರಗಳು, ಹಣ್ಣಿನ ಬುಟ್ಟಿ ಹಿಡಿದು ಹದಿನೈದು ಜನರೊಂದಿಗೆ ಬಂದ. ಭಾಸ್ಕರನ ಸನ್ಮಾನ ಮುಂದಿನ ರಾಜ್ಯೋತ್ಸವಕ್ಕೆಂದು ಸಂಘದಲ್ಲಿ ಮಾತಾಗಿತ್ತು. ಆದರೆ ನವೆಂಬರಿನವರೆಗೆ ಕಾಯುವ ಧೈರ್ಯ ಸಮಿತಿಗೆ ಬರಲಿಲ್ಲ.

"ಹೊರದೇಶದಲ್ಲಿದ್ದೂ ತಮ್ಮ ಹಿತ್ತಲಿನಲ್ಲಿ ಹದಿನೆಂಟು ಅಡಿಯ ಧ್ವಜಸ್ತಂಭ ನೆಟ್ಟು ನಾಡಿನ ಬಾವುಟ ಹಾರಿಸಿದ ಧೀಮಂತರು ಇವರು. ಇವರು ನಮ್ಮ ಜೊತೆ ಇದ್ದರು... ಅಲ್ಲ, ಇದ್ದಾರೆ!" ಎಂದು ಸುಮುಖ ಗದ್ಗದಿತನಾದ.

ಸನ್ಮಾನ ಕಂಬಕ್ಕೆ ಎಂದು ಭಾಸ್ಕರನಿಗೆ ಅರ್ಥವಾಯಿತು. ಗುಟ್ಟು ಬಯಲಾಗಲಿಲ್ಲವೆಂದು ನಿರಾಳವೂ ಆಯಿತು. ಪೇಟ ಸರಿಮಾಡಿಕೊಂಡು ಎದ್ದುನಿಂತು ಎರಡು ಮಾತಾಡಿದ. "ನಾನು ಮಾಡಿದ್ದು ಏನೂ ಇಲ್ಲ. ಒಂದು ದನಿ ಇಲ್ಲಿಂದ ಹೊರಟು ದೂರದವರಿಗೆ ಕೇಳಿಸಬೇಕು ಅನ್ನೋದಷ್ಟೇ ನನ್ನ ಆಸೆ. ಭಾನುವಾರ ಆದಮೇಲೆ ನಾನು ಇರ್ತೀನೋ ಇಲ್ವೋ, ಪಟ್ಟಿಲಿ ನನ್ನ ಹೆಸರು ಇರುತ್ತೋ ಇಲ್ವೋ, ಆ ಮೇಲಿನವನ ಇಚ್ಛೆ. ಆದ್ರೆ ಆ ಕಂಬ ಮಾತ್ರ ಯಾರೂ ತೆಗೀಬೇಡಿ."

ಹೆಂಗಸರೆಲ್ಲ ಒಟ್ಟಿಗೆ ಅತ್ತರು. ಗಂಡಸರು ಗೋಡೆ ಕಡೆ ತಿರುಗಿದರು. ತನ್ನ ಭಾಷಣಕ್ಕೆ ಇಷ್ಟು ಶಕ್ತಿಯಿದೆ ಎಂದು ಭಾಸ್ಕರನಿಗೆ ಐವತ್ತೆಂಟು ವರ್ಷ ಗೊತ್ತೇ ಇರಲಿಲ್ಲ.

ಭಾನುವಾರ ಬೆಳಗ್ಗೆ ಎಂಟಕ್ಕೆ ಅವನು ಹೆಂಡತಿಯನ್ನು ದೇವಸ್ಥಾನಕ್ಕೆ ಸಾಗಹಾಕಲು ನೋಡಿದ.

"ನಾನೆಲ್ಲಿ ಹೋಗ್ಲಿ? ಎಲ್ಲರೂ ಇಲ್ಲಿಗೇ ಬರ್ತಿದಾರೆ" ಎಂದಳು. ಒಂಬತ್ತರ ಹೊತ್ತಿಗೆ ಪಡಸಾಲೆ ತುಂಬಿ, ಸ್ತೋತ್ರ ಶುರುವಾಗಿತ್ತು. ಯಾರ ಮನೆಯ ಒಳಿತಿಗೆ ಇದೆಲ್ಲ ಎಂದು ಯೋಚಿಸುವಷ್ಟು ಪುರುಸೊತ್ತು ಭಾಸ್ಕರನಿಗಿರಲಿಲ್ಲ. ಗದ್ದಲದಲ್ಲಿ ಜಾರಿಕೊಂಡು ಗರಾಜಿಗೆ ಹೋಗಿ, ಬೊಂಬೆಪೆಟ್ಟಿಗೆ ಸರಿಸಿ, ಸೆಟ್ಟಿನ ಮುಚ್ಚಳ ಬಿಚ್ಚಿಟ್ಟು, ಲಯನೆಲ್‌ಗೆ ಮೆಸೇಜು ಹಾಕಿದ: 'ಗರಾಜ್ ಬಾಗಿಲಿಗೆ ಬನ್ನಿ. ಮುಂಬಾಗಿಲು ಬೇಡ.'

ಲಯನೆಲ್ ಒಳ್ಳೆಯ ಮನೆತನದವನು. ತಮ್ಮನ ಮಗಳು ಆಶ್ಲಿನ್‌ಳ ನಿಶ್ಚಿತಾರ್ಥಕ್ಕೆಂದು ಸಿಡ್ನಿಗೆ ಬಂದಿದ್ದವನು ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ, ಬಿಳಿ ಶರ್ಟು ತೊಟ್ಟು, ಫೋನು ಸೈಲೆಂಟಿನಲ್ಲಿಟ್ಟುಕೊಂಡು, ಮರ್ಯಾದಸ್ಥರು ಬರುವ ಹಾಗೆ ಮುಂಬಾಗಿಲಿಗೇ ಬಂದು ಬೆಲ್ಲು ಒತ್ತಿದ. ಅನಸೂಯಾ ಬಾಗಿಲು ತೆರೆದಳು.

"ಭಾಸ್ಕರ್ ಅವರ ಮನೆ ಅಲ್ಲವಾ? ನಾನು ಲಯನೆಲ್. ಮೆಲ್ಬರ್ನಿಂದ."

ಸ್ತೋತ್ರ ನಿಂತಿತು. ಪಡಸಾಲೆಗೆ ಪಡಸಾಲೆಯೇ ಎದ್ದುನಿಂತಿತು.

"ಬನ್ನಿ ಡಾಕ್ಟ್ರೇ" ಎಂದಳು ಅನಸೂಯಾ. "ವಾಲ್ವ್... ತಂದ್ರಾ?"

"ಓ, ನಿಮಗೂ ಗೊತ್ತುಂಟಾ? ಒಳ್ಳೇದಾಯ್ತು ಮಾರಾಯ್ರೆ, ನನಗೆ ಕಳ್ಳರ ಹಾಗೆ ಬರ್ಲಿಕ್ಕೆ ಗೊತ್ತಾಗುದಿಲ್ಲ. ತಂದಿದ್ದೇನೆ" ಎಂದು ಲಯನೆಲ್ ಚೀಲದಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದ.

"ಐಸ್‌ನಲ್ಲಿ ಇಟ್ಟಿಲ್ವಾ?" ಪ್ರಣತಿ ಚೀರಿದಳು.

"ಐಸಾ? ಎಂತ ಮಗಾ, ಒಂದು ಹನಿ ನೀರು ತಾಗಿದ್ರೆ ಹಾಳು. ಜೋವಿಟಾನ ಹಳೇ ಸಾಕ್ಸಲ್ಲಿ ಸುತ್ತಿ ತಂದದ್ದು. ನನ್ನ ಹೆಂಡತಿ. ಸಾಕ್ಸ್ ತೊಳೆದದ್ದೇ."

ಅನಸೂಯಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಯಾವ... ಯಾವ ಆಸ್ಪತ್ರೇಲಿ ಹಾಕ್ತೀರಾ?"

"ಆಸ್ಪತ್ರೆ ಎಂತಕ್ಕೆ? ಇಲ್ಲೇ ಗರಾಜಲ್ಲಿ. ಮುಚ್ಚಳ ಬಿಚ್ಚಿ ಇಟ್ಟಿರ್ತೇನೆ ಅಂತ ಅವರೇ ಹೇಳಿದ್ದಾರೆ. ಹಳೇದನ್ನು ಸ್ವಲ್ಪ ಅಲ್ಲಾಡಿಸಿ ಎಳೆದ್ರೆ ಬರ್ತದೆ, ಇದನ್ನು ಇಟ್ಟು ಒತ್ತಿದ್ರೆ ಆಯ್ತು. ಎರಡು ನಿಮಿಷದ ಕೆಲಸ."

"ನೋವಾಗಲ್ವಾ?"

"ಒಮ್ಮೊಮ್ಮೆ ಶಾಕ್ ಹೊಡೀತದೆ. ಅದಕ್ಕೆ ನಾನು ಒಂದು ಕೈ ಜೇಬಲ್ಲೇ ಇಟ್ಟುಕೊಳ್ಳುದು."

"ಒಂದ ಕೈಲೆ ಮಾಡ್ತಾನಂತ!" ಎಂದು ಚನ್ನಕ್ಕ ಅಲ್ಲೇ ಕುಸಿದು ಕೂತಳು. ಸುಮುಖ ಧೈರ್ಯ ಮಾಡಿ ಮುಂದೆ ಬಂದ. "ಸರ್, ತಾವು ಯಾವ ಆಸ್ಪತ್ರೆಯ ಡಾಕ್ಟರು?"

"ಡಾಕ್ಟ್ರಾ? ನಾನಾ?" ಲಯನೆಲ್ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದ. "ನಾನು ಬಸ್ ಡ್ರೈವರ್ ಮಾರಾಯ್ರೆ. ಕ್ರಾನ್‌ಬರ್ನ್ ರೂಟು."

ಅನಸೂಯಾ ಇಟ್ಟ ಕೂಗು ಮೂರನೇ ಮನೆಗೆ ಕೇಳಿಸಿತು. ಆ ಕೂಗಿಗೆ ಗರಾಜಿನ ಒಳಬಾಗಿಲು ತೆರೆಯಿತು. ಸ್ಕ್ರೂಡ್ರೈವರ್ ಹಿಡಿದು, ಬೆವರು ಒರೆಸಿಕೊಳ್ಳುತ್ತಾ, ಕಲ್ಲುಗುಂಡಿನಂತಿದ್ದ ಭಾಸ್ಕರ ಕಾಣಿಸಿಕೊಂಡ. "ಬಂದ್ರಾ ಲಯನೆಲ್? ವಾಲ್ವ್ ಎಲ್ಲಿ?" ಎಂದವನಿಗೆ ಆಮೇಲೆ ಉಳಿದ ಮೂವತ್ತು ಜನ ಕಂಡರು.

ಮುಂದಿನ ಐದು ನಿಮಿಷ ಯಾರು ಯಾರಿಗೆ ಏನು ಹೇಳಿದರು ಎಂದು ನನ್ನನ್ನು ಕೇಳಬೇಡಿ, ಎಲ್ಲರೂ ಒಟ್ಟಿಗೆ ಹೇಳಿದರು. ಕೊನೆಗೆ ಸಾಕ್ಸಿನೊಳಗಿಂದ ಹೆಬ್ಬೆರಳಿನಷ್ಟು ಉದ್ದದ ಗಾಜಿನ ಬುರುಡೆ ಹೊರಬಂತು. ಎಲ್ಲರೂ ಅದನ್ನು ನೋಡಿದರು. ಗರಾಜಿಗೆ ನುಗ್ಗಿ, ಬೊಂಬೆಪೆಟ್ಟಿಗೆಗಳ ನಡುವೆ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ ಸೆಟ್ಟನ್ನೂ ನೋಡಿದರು. ಸುಮುಖ ಕಿಟಕಿಯಿಂದ ಧ್ವಜಸ್ತಂಭವನ್ನೂ, ಅದರಿಂದ ಇಳಿದುಬಂದ ವೈರನ್ನೂ ನೋಡಿ ನಿಟ್ಟುಸಿರು ಬಿಟ್ಟ.

"ನಾಲ್ಕು ದಿನ!" ಎಂದಳು ಅನಸೂಯಾ. ಮುಖ ಕೆಂಡವಾಗಿತ್ತು. "ನಾಲ್ಕು ದಿನ ನಾನು ಜೀವ ಕೈಯಲ್ಲಿ ಹಿಡ್ಕೊಂಡು... ಪ್ರಣತೀ, ಕ್ಲೀನಪ್ ಲಾರಿ ಯಾವತ್ತು?"

"ಟುಮಾರೋ ಮಾರ್ನಿಂಗ್, ಅಮ್ಮಾ."

"ಸುಮುಖ, ಎತ್ತಪ್ಪಾ ಅದನ್ನ. ಹುಲ್ಲಿನ ಮೇಲೆ ಇಡು."

ಭಾಸ್ಕರ ಸೆಟ್ಟಿಗೆ ಅಡ್ಡ ನಿಂತ. "ಅನು, ಅನು, ಒಂದು ಮಾತು ಕೇಳೆ. ತಪ್ಪಾಯ್ತು, ಸಾವಿರ ಸಲ ತಪ್ಪಾಯ್ತು. ಇವತ್ತೊಂದು ದಿನ, ಹನ್ನೊಂದು ಗಂಟೆವರೆಗೆ—" ಸುಮುಖನೂ ಇನ್ನಿಬ್ಬರೂ ತೋಳೇರಿಸಿ ಸೆಟ್ಟಿಗೆ ಕೈ ಹಾಕಿಯೇಬಿಟ್ಟರು.

"ಏ, ನಿಂದರ್ರೋ!" ಚನ್ನಕ್ಕ ಎದ್ದು ಸೆರಗು ಸಿಕ್ಕಿಸಿಕೊಂಡಳು. "ಮುಟ್ಟಬ್ಯಾಡ್ರಿ. ತಂಗಿ, ಹರಕಿ ಏನಾತು?"

"ಯಾವ ಹರಕೆ ಚನ್ನಕ್ಕಾ? ನಾನು ಹೊತ್ತಿದ್ದು ಇವರ ಎದೆ ವಾಲ್ವಿಗೆ!"

"ಎದಿ ಅಂತ ಎಲ್ಲಿ ಅಂದಿ? ನಾ ಬಾಜೂಕ ಕುಂತಿದ್ದೆ. 'ಇವರ ವಾಲ್ವ್' ಅಂದಿ. ದೇವರಿಗೆ ಎಷ್ಟು ಕೇಳಿಸ್ತೋ ಅಷ್ಟ ಲೆಕ್ಕ. ಈಗ ಇದನ್ನ ಹಾಕಲಿ. ಇದು ಮೆಲ್ಬರ್ನ್ ಮುಟ್ಟಿದ್ರ ವಾಲ್ವ್ ಸರಿಹೋತು, ನಿನ್ನ ಬಾಯಿ ಬಂದ್. ಮುಟ್ಟಲಿಲ್ಲಾ, ನಾನ ಒಂದು ಕೈ ಹಿಡದು ಹುಲ್ಲಿನ ಮ್ಯಾಲ ಒಗೀತೀನಿ."

ಈ ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ಗಂಟೆ ಹತ್ತಾಗಿ ಹತ್ತು ನಿಮಿಷ. ಲಯನೆಲ್ ಎಡಗೈ ಜೇಬಿನಲ್ಲಿಟ್ಟು, ಬಲಗೈಯಿಂದ ಹಳೇ ವಾಲ್ವ್ ಅಲ್ಲಾಡಿಸಿ ಎಳೆದು, ಹೊಸದನ್ನು ಒತ್ತಿದ. ಸ್ವಿಚ್ ಹಾಕಿದ. ಮೂವತ್ತು ಜನ ಬಗ್ಗಿ ನೋಡಿದರು. ಒಂದೊಂದಾಗಿ ವಾಲ್ವುಗಳು ಕೆಂಪಾದವು. ಗುಂಯ್ ಅಂತು.

"ಬಂಗುಡೆ ಮನೆ, ಬಂಗುಡೆ ಮನೆ. ಮೈಸೂರು ಹುಲಿ ಕರೀತಿದೆ. ಓವರ್."

ಬರೀ ಸೊರ್ ಎಂಬ ಸದ್ದು.

ಹತ್ತೂಕಾಲು. ಹತ್ತೂವರೆ. ಹುಲಿ ಕರೆಯಿತು, ಕೂಗಿತು, ಬೇಡಿಕೊಂಡಿತು. ಹತ್ತು ಮುಕ್ಕಾಲಿಗೆ ಸುಮುಖ ಮತ್ತೆ ತೋಳೇರಿಸತೊಡಗಿದ. ಸ್ತೋತ್ರ ಯಾವಾಗ ಮತ್ತೆ ಶುರುವಾಯಿತೋ ಯಾರಿಗೂ ಗೊತ್ತಿಲ್ಲ, ಈ ಸಲ ಗಾಜಿನ ವಾಲ್ವಿಗಾಗಿ. ಹತ್ತು ಐವತ್ತೆರಡಕ್ಕೆ ಸೊರ್ ಸದ್ದಿನ ಒಳಗಿನಿಂದ, ಬಹಳ ದೂರದಿಂದ, ಮೀನು ಮಾರ್ಕೆಟ್ಟಿನಲ್ಲೂ ಕೇಳಿಸುವಂಥ ಒಂದು ದನಿ ತೇಲಿಬಂತು.

"ಹುಲಿಯವ್ರೇ! ಓ ಹುಲಿಯವ್ರೇ! ನಾನು ಜೋವಿಟಾ, ಕ್ರಾನ್‌ಬರ್ನ್. ನಿಮ್ಮದು ಕೇಳ್ತಾ ಉಂಟು, ಲಾಯ್ಕ್ ಕೇಳ್ತಾ ಉಂಟು! ನನ್ನ ಗಂಡ ಅಲ್ಲಿ ಸರಿಯಾಗಿ ತಿಂಡಿ ತಿಂದ್ರಾ? ಓವರ್!"

ಗರಾಜು ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಭಾಸ್ಕರ ಲಯನೆಲ್‌ನನ್ನು ತಬ್ಬಿಕೊಂಡ. ಸುಮುಖ ಉಳಿದಿದ್ದ ಹಾರವನ್ನು ಸೆಟ್ಟಿಗೆ ಹಾಕಿದ. ಚನ್ನಕ್ಕ ಅನಸೂಯಾಳ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು.

ಅನಸೂಯಾ ಗಂಡನನ್ನು ನೋಡಿದಳು. ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು. ಆಮೇಲೆ ನೆಟ್ಟಗೆ ಬಂದು ಅವನ ಕೈಯಿಂದ ಮೈಕು ಕಿತ್ತುಕೊಂಡು ಗುಂಡಿ ಒತ್ತಿದಳು.

"ಜೋವಿಟಾ ಅವರೇ, ನಾನು ಅನಸೂಯಾ, ಇವರ ಹೆಂಡತಿ. ಇವರಿಗೆ ನಾನು ಒಂದು ಮಾತೂ ಅನ್ನೋ ಹಾಗಿಲ್ಲ, ಹರಕೆ. ನಿಮಗೆ ಹೇಳಬಾರದು ಅಂತ ಹರಕೆಯಿಲ್ಲ. ಕೇಳಿ."

ಚನ್ನಕ್ಕ ಒಂದು ಕ್ಷಣ ಯೋಚಿಸಿ, ಹೌದೆಂದು ತಲೆಯಾಡಿಸಿದಳು.

ಆಮೇಲೆ ಪಿಯಾನೋ ಬಂತು, ಟೈಪ್‌ರೈಟರ್ ಬಂತು, ಹೊಲಿಗೆ ಮಷಿನ್ನಿನ ಕಾಲುಗಳು ಒಂದೊಂದಾಗಿ ಬಂದವು, ಬಿಸಿಲಿನಲ್ಲಿ ಬಣ್ಣ ಹೋದ ಕಾರು ಬಂತು. ಭಾಸ್ಕರ ತಲೆ ತಗ್ಗಿಸಿ ನಿಂತಿದ್ದ. ಹೇಳುತ್ತಾ ಹೇಳುತ್ತಾ ಅವಳ ದನಿ ಇಳಿಯಿತು.

"ನಾಲ್ಕು ದಿನದಿಂದ ಇವರ ಎದೆ ಮೇಲೆ ಕಿವಿ ಇಟ್ಕೊಂಡು ಮಲಗಿದ್ದೀನಿ ಕಣ್ರೀ. ಗುಂಯ್ ಅನ್ನುತ್ತಾ ಅಂತ. ಇವರು ಗೊರಕೆ ಹೊಡೀತಿದ್ರು. ಇಪ್ಪತ್ತೆಂಟು ವರ್ಷದಲ್ಲಿ ಆ ಗೊರಕೆ ಕೇಳಿ ನನಗೆ ಸಂತೋಷ ಆಗಿದ್ದು ಇದೇ ಮೊದಲು. ಈ ಮನುಷ್ಯ ಇಲ್ದೆ ಈ ಮನೇಲಿ ನಾನು ಏನು ಮಾಡ್ಲಿ, ಈ ಗುಜರಿ ಎಲ್ಲ ಇಟ್ಕೊಂಡು?"

ಭಾಸ್ಕರನ ಕಣ್ಣಲ್ಲಿ ನೀರು ನಿಂತಿತ್ತು. ಈ ಸಲ ವಾಲ್ವು ನೋಡಿ ಬಂದ ನೀರಲ್ಲ. ಮೆಲ್ಲಗೆ ಹತ್ತಿರ ಬಂದು, "ಅನು, ಓವರ್ ಅನ್ನು. ಗುಂಡಿ ಬಿಡು. ನೀನು ಬಿಡೋವರೆಗೂ ಅವರು ಮಾತಾಡೋಕಾಗಲ್ಲ" ಎಂದ.

"ಓವರ್" ಎಂದಳು ಅನಸೂಯಾ, ಮೂಗು ಒರೆಸಿಕೊಂಡು.

ಜೋವಿಟಾಳಿಗಿಂತ ಮೊದಲು ಯಾವನೋ ಒರಟು ದನಿಯ ಲಾರಿಯವನು ನಡುವೆ ಬಂದ. "ಡಿಡಂಟ್ ಗೆಟ್ ಅ ವರ್ಡ್ ಆಫ್ ದಟ್. ಬಟ್ ಗುಡ್ ಆನ್ ಯಾ, ಲವ್. ಓವರ್."

"ಯಾರಂವಾ, ಲವ್ ಅನ್ನಾಂವ?" ಎಂದಳು ಚನ್ನಕ್ಕ, ಸೆರಗು ಬಿಗಿಮಾಡಿಕೊಂಡು.

ಸೋಮವಾರ ಬೆಳಗ್ಗೆ ಹುಲ್ಲಿನ ಮೇಲೆ ಒಂದೇ ಸಾಮಾನಿತ್ತು, ಟ್ರೆಡ್‌ಮಿಲ್. ಅದು ಹೊಸದು, ಹರಕೆಯ ಒಳಗೆ ಬರುವುದಿಲ್ಲ ಎಂದು ಅನಸೂಯಾ ಚನ್ನಕ್ಕನನ್ನು ಕೇಳಿಯೇ ಇಟ್ಟಿದ್ದಳು. ಸಾರಿಗೆ ಉಪ್ಪು ವಾಪಸ್ಸು ಬಂತು.

ತಿಂಗಳಿಗೆ ಕ್ಲಬ್ಬಿನಿಂದ ಸರ್ಟಿಫಿಕೇಟು ಬಂತು. ಮೈಸೂರು ಹುಲಿ ಎಂಬ ಹೆಸರು ಪಟ್ಟಿಯಲ್ಲಿ ಭದ್ರವಾಗಿ ಉಳಿದಿತ್ತು, ಕೆಳಗೆ ಷರಾ: 'ಹುಲಿಯ ದನಿ ಹೆಂಗಸಿನದು. ಮೂರು ರಾಜ್ಯಗಳಿಗೆ ಸ್ಪಷ್ಟವಾಗಿ ಕೇಳಿಸಿದೆ. ಓವರ್ ಹೇಳುವುದನ್ನು ಇನ್ನಷ್ಟು ಬೇಗ ಕಲಿಯಬೇಕು.' ಭಾಸ್ಕರ ಹೆಮ್ಮೆಯಿಂದ ಅದಕ್ಕೆ ಕಟ್ಟು ಹಾಕಿಸಲು ಹೊರಟ. ಅಂಗಡಿಗೆ ಹೋಗುವ ದಾರಿಯಲ್ಲಿ ಯಾರದೋ ಮನೆಯ ಮುಂದೆ, ಹುಲ್ಲಿನ ಮೇಲೆ, ಚಿನ್ನದ ಬಣ್ಣದ ಆರಡಿ ಎತ್ತರದ ಹಳೇ ಚೌಕಟ್ಟು ಬಿದ್ದಿತ್ತು.

ಅದನ್ನು ಕಾರಿನ ಮೇಲೆ ಕಟ್ಟಿಕೊಂಡು ಅವನು ಬಂದದ್ದನ್ನು ಅನಸೂಯಾ ಕಿಟಕಿಯಿಂದ ನೋಡಿದಳು. ಸರ್ಟಿಫಿಕೇಟು ಅಂಗೈಯಗಲ, ಚೌಕಟ್ಟು ಬಾಗಿಲಗಲ. ಬಾಯಿ ತೆರೆದಳು. ಹರಕೆ ನೆನಪಾಯಿತು. ಒಂದು ಮಾತೂ ಆಡದೆ ನೇರ ಗರಾಜಿಗೆ ಹೋಗಿ, ಸ್ವಿಚ್ ಹಾಕಿ, ವಾಲ್ವುಗಳು ಕೆಂಪಾಗುವವರೆಗೆ ತಾಳ್ಮೆಯಿಂದ ಕಾದಳು. ಅವತ್ತು ಆಕಾಶಕ್ಕೆ ಮನಸ್ಸಿರಲಿಲ್ಲ, ಮೆಲ್ಬರ್ನ್ ಸಿಗಲಿಲ್ಲ. ಹತ್ತಿರದಲ್ಲೆಲ್ಲೋ ಹೋಗುತ್ತಿದ್ದ ಆ ಒರಟು ದನಿಯ ಲಾರಿಯವನು ಸಿಕ್ಕಿದ. ಅವನಿಗೇ ಕನ್ನಡದಲ್ಲಿ ಎಲ್ಲ ಹೇಳಿದಳು. ಭಾಸ್ಕರ ಎರಡು ಲೋಟ ಕಾಫಿ ಹಿಡಿದು ಕುರ್ಚಿಯ ಹಿಂದೆ ನಿಂತು, ಅವಳು ಯಾವಾಗ ಓವರ್ ಅಂದಾಳೋ ಎಂದು ಕಾಯುತ್ತಿದ್ದ.